ಪ್ಲೈವುಡ್ ಹಲಗೆಯ ಅಂಚಿಗೆ ಕಾಪು

ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆ ಹಲಸಿಗೆ ಹೆಸರಾದ ಸೀಮೆ. ಹಲಸಿನ ಮರವನ್ನು ಹಿಂದಿನವರು ಬಾಗಿಲಿಗೂ ಬಾಗಿಲವಾಡಕ್ಕೂ ಉಪಯೋಗಿಸುತ್ತಿದ್ದರು. ಅಂಥ ಗಟ್ಟಿಮರದ ಬಾಗಿಲು ಮಳೆಗಾಲದಲ್ಲಿ ಕೊಂಚ ಬಿಗಿದುಕೊಂಡರೂ ಬೇಸಗೆಯಲ್ಲಿ ಸಡಿಲವಾಗಿ, ತಲೆಮಾರುಗಳವರೆಗೆ ನಿಲ್ಲುತ್ತಿತ್ತು. ಈಗ ಗುಬ್ಬಿ, ಕುಣಿಗಲ್, ತುಮಕೂರುಗಳಲ್ಲಿ ಏಳುವ ಅನೇಕ ಮನೆಗಳಿಗೆ ಪ್ಲೈವುಡ್ ಹಲಗೆಯೇ ಗತಿ. ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಹಣದಿಂದ ಮಾಡಿಸಿದ ಬಚ್ಚಲುಮನೆಯ ಬಾಗಿಲು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಡಿಯಲ್ಲಿ ಊದಿಕೊಂಡು, ನೆಂದ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡರೆ ಗೃಹಸ್ಥನ ಹೊಟ್ಟೆ ಉರಿಯದಿದ್ದೀತೆ? ಬೈಗುಳವೆಲ್ಲ ಅಂಗಡಿಯವನ ಪಾಲಿಗೆ. ಆದರೆ ಅನೇಕ ವೇಳೆ ದೋಷವು ಹಲಗೆಯದಲ್ಲ, ಅದರ ಅಂಚನ್ನು ಬರಿದೆ ಬಿಟ್ಟುದು.

ಮರವೆಂಬುದು ಸಣ್ಣ ಸಣ್ಣ ಕೊಳವೆಗಳ ಕಟ್ಟು. ಬದುಕಿದ್ದಾಗ ಬೇರಿನ ನೀರನ್ನು ಎಲೆಗೆ ಸಾಗಿಸಿದ ಈ ಕೊಳವೆಗಳು ಕೊಯ್ದ ಮೇಲೂ ತಮ್ಮ ಗುಣವನ್ನು ಬಿಡವು. ಪ್ಲೈವುಡ್ಡಿನಲ್ಲಿ ತೆಳ್ಳನೆಯ ಪದರಗಳನ್ನು ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇಟ್ಟು ಅಂಟಿಸಿರುವರು. ಆದುದರಿಂದ ಯಾವ ಅಂಚನ್ನು ನೋಡಿದರೂ ಸುಮಾರು ಅರ್ಧದಷ್ಟು ಪದರಗಳ ಕೊಳವೆಬಾಯಿ ಅಲ್ಲಿ ತೆರೆದೇ ಇರುವುದು. ಮುಖದ ಮೇಲೆ ಬಿದ್ದ ನೀರನ್ನು ಒರೆಸಿಬಿಡಬಹುದು. ಅಂಚಿಗೆ ತಾಗಿದ ನೀರಾದರೋ ಬತ್ತಿಗೆ ಎಣ್ಣೆ ಏರುವಂತೆ ಒಳಕ್ಕೆ ಏರುವುದು.

“ನಾವು ನೀರಿಗೆ ಜಗ್ಗದ ಹಲಗೆಯನ್ನೇ ತಂದಿದ್ದೇವಲ್ಲ” ಎಂದು ಕೆಲವರು ಹೇಳುವರು. ಐ.ಎಸ್. 710 ಎಂಬ ಮುದ್ರೆಯ ಹಲಗೆಯನ್ನು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿ ಪರೀಕ್ಷಿಸುವುದು ನಿಜವೇ. ಆ ಪರೀಕ್ಷೆ ಅಂಟಿನ ಬಲವನ್ನು ತಿಳಿಸುವುದೇ ಹೊರತು ಮರವು ನೀರು ಕುಡಿಯದೆಂದು ಹೇಳುವುದಿಲ್ಲ. ಪದರ ಬಿಡದಿದ್ದರೂ ಹಲಗೆ ಉಬ್ಬುವುದು, ಬಣ್ಣ ಸಿಡಿಯುವುದು, ಬೂಷ್ಟು ಹಿಡಿಯುವುದು. ಅಗ್ಗದ ಎಂ.ಆರ್. ಹಲಗೆಯ ಯೂರಿಯಾ ಅಂಟಂತೂ ನೀರಿನಲ್ಲಿ ಬಹುಕಾಲ ನಿಲ್ಲದು. ಅದನ್ನು ಬಚ್ಚಲಿನ ಹತ್ತಿರಕ್ಕೂ ತರಬಾರದು.

ಕಾಪಿನ ಕೆಲಸವು ಬಾಗಿಲನ್ನು ನಿಲ್ಲಿಸುವ ಮೊದಲೇ ಆಗತಕ್ಕದ್ದು. ನಿಂತ ಬಾಗಿಲಿನ ಅಡಿಗೆ ಕುಂಚ ಹೋಗದು. ಮೊದಲು ಹಾಳಾಗುವುದೂ ಆ ಅಡಿಯಂಚೇ. ಹಲಗೆ ಚೆನ್ನಾಗಿ ಒಣಗಿರಬೇಕು. ತೇವವನ್ನು ಒಳಗಿಟ್ಟು ಮುಚ್ಚುವುದೆಂದರೆ ಕಳ್ಳನನ್ನು ಒಳಗಿಟ್ಟು ಅಗುಳಿ ಹಾಕಿದಂತೆ. ತುಮಕೂರು ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚಾದುದರಿಂದ ಫೆಬ್ರವರಿ, ಮಾರ್ಚಿಯ ಒಣದಿನಗಳು ಇದಕ್ಕೆ ಪ್ರಶಸ್ತ. ಕುಣಿಗಲಿನಲ್ಲಿ ಕೆರೆಯ ಬಯಲಿನ ಮಗ್ಗುಲಲ್ಲಿ ಮನೆಯುಳ್ಳವರು ಹಲಗೆಯನ್ನು ಬರಿ ನೆಲದ ಮೇಲೆ ನಿಲ್ಲಿಸದೆ, ಮರದ ತುಂಡುಗಳ ಮೇಲೆ ನೆರಳಿನಲ್ಲಿ ಮಲಗಿಸಿಡುವುದು ಲೇಸು.

ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಧೂಳನ್ನು ಒರೆಸಿ, ಪದರಗಳ ನಡುವಣ ಪೊಳ್ಳುಗಳಿಗೆ ಪುಟ್ಟಿ ತುಂಬಬೇಕು. ಬಳಿಕ ಎಣ್ಣೆಬಣ್ಣದ ಪ್ರೈಮರನ್ನಾಗಲಿ ಪಾಲಿಯುರೆಥೇನ್ ವಾರ್ನಿಷನ್ನಾಗಲಿ ತೆಳುವಾಗಿ ಬಳಿದರೆ ಅಂಚು ಅದನ್ನು ಕುಡಿದುಬಿಡುವುದು. ಒಣಗಿದ ಮೇಲೆ ಹಗುರವಾಗಿ ಉಜ್ಜಿ ಇನ್ನೆರಡು ಸಲ ಬಳಿಯಬೇಕು. ಎರಡು ಡಬ್ಬಿಗಳಿಂದ ಬೆರೆಸುವ ಎಪಾಕ್ಸಿ ಇವಕ್ಕಿಂತ ಗಟ್ಟಿ, ಬೆಲೆಯೂ ಹೆಚ್ಚು. ಅಡಿಯಂಚೊಂದಕ್ಕೆ ಬಳಿಸಿದರೂ ಸಾಕು. ಬಿಳಿ ಅಂಟನ್ನು ಬೆರಳಿನಿಂದ ಸವರಿ “ಆಯಿತು ಸ್ವಾಮಿ” ಎನ್ನುವ ಆಚಾರಿಗಳುಂಟು. ಸಾಮಾನ್ಯವಾದ ಬಿಳಿ ಅಂಟು ನೀರು ತಾಗಿದರೆ ಮೆತ್ತಗಾಗುವುದು, ಅದನ್ನು ಒಪ್ಪಬೇಡಿರಿ. ಅರಗಿನ ಪಾಲಿಷೂ ಇಲ್ಲಿ ಕೂಡದು. 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯನ್ನೇ ಕಟ್ಟಿದ ನಾಡಿನವರಾದ ನಮಗೆ ಅರಗಿನ ಮೇಲೆ ಅಭಿಮಾನವಿರುವುದು ಸಹಜ. ಆದರೆ ನೀರು ನಿಂತಲ್ಲಿ ಅದು ಬೆಳ್ಳಗಾಗುವುದು. ಹಜಾರದ ಮೇಜಿಗೆ ಅದು ಶೋಭೆ.

ಬೀಗಕ್ಕೂ ಕೀಲಿಗೂ ಕೊರೆದ ಹಳ್ಳಗಳು, ಅಡಿಗೆಮನೆಯಲ್ಲಿ ಸಿಂಕಿನ ಕೊಳಾಯಿಗಾಗಿ ಹಲಗೆಯಲ್ಲಿ ಮಾಡಿದ ತೂತು, ಇವೂ ಅಂಚುಗಳೇ. ಆಚಾರಿಯು ಅಳತೆ ಸರಿಮಾಡಲು ಅಡಿಯನ್ನು ಕೊನೆಗೆ ಹತ್ತರಿಯಿಂದ ಸವರಿದನಾದರೆ ಬಳಿದದ್ದೆಲ್ಲ ಹೋಯಿತೆಂದು ತಿಳಿದು, ಮತ್ತೆ ಮೊದಲಿನಿಂದ ಬಳಿಸಬೇಕು. ಬಾಗಿಲಿನ ಅಡಿಗೂ ನೆಲಕ್ಕೂ ನಡುವೆ ಬೆರಳಷ್ಟು ಸಂದಿರಲಿ.

ಬಳಿದದ್ದು ಪೂರ್ತಿ ಒಣಗಿದ ಮೇಲೆ, ಬಾಗಿಲು ಇನ್ನೂ ಮಲಗಿರುವಾಗಲೇ, ಒದ್ದೆಬಟ್ಟೆಯನ್ನು ಅಂಚಿಗೆ ಒತ್ತಿ ಕಾಲು ಗಂಟೆ ಬಿಟ್ಟು ತೆಗೆಯಿರಿ. ಅಂಚಿನ ಬಣ್ಣ ಹಾಗೆಯೇ ಇದ್ದರೆ ಬಾಗಿಲು ನಿಲ್ಲಿಸಬಹುದು. ಎಲ್ಲಾದರೂ ಕಪ್ಪಿಟ್ಟಿದ್ದರೆ ಒಣಗಿಸಿ, ಅಲ್ಲಿಗೆ ಇನ್ನೊಂದು ಸಲ ಬಳಿಸಿರಿ.