ಹಳೆಯ ಜಾಝ್ ತಟ್ಟೆಗಳು

ಜಾಝ್ ಎಂಬ ಹೆಸರನ್ನು ಕೇಳಿದೊಡನೆಯೇ ನಮ್ಮಲ್ಲಿ ಅನೇಕರು ಅದು ಕುಣಿಯುವವರ ಗದ್ದಲವೆಂದು ಬಗೆದು ಮುಖ ತಿರುಗಿಸುವುದುಂಟು. ಅಂಥವರನ್ನು ವಾದದಿಂದ ಗೆಲ್ಲುವುದು ಕಷ್ಟ. ಒಂದು ಹಳೆಯ ಗ್ರಾಮಫೋನ್ ತಟ್ಟೆಯನ್ನು ಮೂರು ನಿಮಿಷ ಕೇಳಿಸಿದರೆ ಕೆಲವು ವೇಳೆ ಗೆಲ್ಲಬಹುದು. ಅಂಥ ತಟ್ಟೆಗಳನ್ನು ಏಕೆ ಕೂಡಿಸಬೇಕು, ಹೇಗೆ ಕೇಳಬೇಕು, ಹೇಗೆ ಕಾಪಾಡಬೇಕು ಎಂಬ ವಿಷಯವಾಗಿ ನಾವು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಈ ಸಂಗೀತವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣದಲ್ಲಿ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ನಗರದಲ್ಲಿ, ೧೯ನೆಯ ಶತಮಾನ ಮುಗಿದು ೨೦ನೆಯದು ತೊಡಗುವ ಹೊತ್ತಿಗೆ ಮೈದೋರಿತು. ಆಫ್ರಿಕದಿಂದ ದಾಸರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಅದನ್ನು ಬೆಳೆಸಿದರು. ಹೊಲಗೆಲಸದ ಹಾಡು, ದೇವಾಲಯದ ಭಕ್ತಿಗೀತ, ಮೆರವಣಿಗೆಯ ವಾದ್ಯ, ಬ್ಲೂಸ್ ಎಂಬ ದುಃಖದ ಪದ ಇವೆಲ್ಲವೂ ಅದರಲ್ಲಿ ಬೆರೆತಿವೆ. ಅದರ ಜೀವಾಳವು ಮನೋಧರ್ಮ. ನಮ್ಮ ವಿದ್ವಾಂಸರು ನೆರವಲಿನಲ್ಲಿಯೂ ಕಲ್ಪನಾಸ್ವರದಲ್ಲಿಯೂ ಆ ಕ್ಷಣಕ್ಕೆ ತೋಚಿದ್ದನ್ನು ತಾಳ ತಪ್ಪದಂತೆ ಹಾಡುವ ಹಾಗೆ, ಜಾಝ್ ವಾದಕನು ಗೊತ್ತಾದ ಒಂದು ಮಟ್ಟನ್ನು ಹಿಡಿದು ನಿಂತಲ್ಲಿಯೇ ಹೊಸದನ್ನು ಕಟ್ಟುತ್ತಾನೆ. ಇಂಥದನ್ನು ಕಾಗದದ ಮೇಲೆ ಪೂರ್ತಿಯಾಗಿ ಬರೆದಿಡಲಾಗದು. ನುಡಿಸಿದ ಗಳಿಗೆಯಲ್ಲಿ ಯಂತ್ರವು ಹಿಡಿದಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಬಡ್ಡಿ ಬೋಲ್ಡೆನ್ ಎಂಬ ಕಾರ್ನೆಟ್ ವಾದಕರನ್ನು ನ್ಯೂ ಆರ್ಲಿಯನ್ಸಿನ ಹಿರಿಯರು ಈ ಸಂಗೀತಕ್ಕೆ ಮೊದಲಿಗರೆಂದು ಕೊಂಡಾಡುತ್ತಿದ್ದರು. ಅವರು ೧೯೦೭ರಲ್ಲಿ ಬುದ್ಧಿಭ್ರಮಣೆಯಿಂದ ಆಸ್ಪತ್ರೆ ಸೇರಿ, ೧೯೩೧ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ನುಡಿಸಿದ ಒಂದು ತಟ್ಟೆಯೂ ನಮ್ಮ ಪಾಲಿಗೆ ಉಳಿದಿಲ್ಲ. ಆದಕಾರಣ ಹಳೆಯ ಜಾಝ್ ತಟ್ಟೆಯು ಹಾಡಿನ ನೆನಪು ಮಾತ್ರವಲ್ಲ. ಆ ಹಾಡು ಇರುವ ಸ್ಥಳವೇ ಅದು.

ಜಾಝ್ ಎಂಬ ಹೆಸರು ಹೊತ್ತ ಮೊದಲ ತಟ್ಟೆಯನ್ನು ೧೯೧೭ನೆಯ ಇಸವಿ ಫೆಬ್ರವರಿ ೨೬ರಂದು ವಿಕ್ಟರ್ ಕಂಪೆನಿಯವರು ಮುದ್ರಿಸಿದರು. ನುಡಿಸಿದವರು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಎಂಬ ಬಿಳಿಯರ ಮೇಳದವರು. ಸಂಗ್ರಹಕಾರರು ಇದನ್ನು ಬಹಳ ಬೆಲೆಯುಳ್ಳದ್ದೆಂದು ಎಣಿಸುವರಾದರೂ ಚರಿತ್ರೆಯ ದೃಷ್ಟಿಯಿಂದ ಒಮ್ಮೆ ಕೇಳಿದರೆ ಸಾಕೆಂದು ನಮ್ಮ ಮತ. ಕುದುರೆಯ ಕೆನೆತವನ್ನೂ ಕೋಳಿಯ ಕೂಗನ್ನೂ ವಾದ್ಯದಲ್ಲಿ ಹೊರಡಿಸುವುದು ಎರಡನೆಯ ಸಲಕ್ಕೆ ಬೇಸರವನ್ನುಂಟುಮಾಡುತ್ತದೆ.

ನಿಜವಾದ ಭಂಡಾರವು ೧೯೨೩ರಿಂದ ತೆರೆಯುತ್ತದೆ. ಆ ವರ್ಷದ ಏಪ್ರಿಲಿನಲ್ಲಿ ಕಿಂಗ್ ಆಲಿವರ್ ಅವರ ಮೇಳವು ಷಿಕಾಗೋದಿಂದ ಇಂಡಿಯಾನಾದ ರಿಚ್ಮಂಡ್ ಎಂಬ ಊರಿಗೆ ಹೋಗಿ ಜೆನೆಟ್ ಎಂಬ ಹೆಸರಿನ ತಟ್ಟೆಗಳಿಗಾಗಿ ನುಡಿಸಿತು. ಆ ಕಂಪೆನಿಯು ಪಿಯಾನೊಗಳನ್ನು ಮಾಡುವ ಕಾರಖಾನೆಗೆ ಸೇರಿದ್ದು. ಮುದ್ರಣದ ಕೊಠಡಿಯ ಪಕ್ಕದಲ್ಲಿಯೇ ರೈಲುಹಾದಿ. ಬಂಡಿ ಬಂದರೆ ಕೆಲಸವನ್ನು ನಿಲ್ಲಿಸಬೇಕು. ವಿದ್ಯುತ್ತಿನ ಧ್ವನಿಗ್ರಾಹಕ ಆಗ ಬಳಕೆಗೆ ಬಂದಿರಲಿಲ್ಲ. ವಾದಕರು ದೊಡ್ಡ ಕೊಂಬೊಂದರ ಮುಂದೆ ನಿಂತು ನುಡಿಸುವರು. ಆ ಸದ್ದಿನ ಬಲವೊಂದೇ ಮೊಳೆಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ದೊಡ್ಡ ನಗಾರಿಯನ್ನು ಬಾರಿಸಿದರೆ ಮೊಳೆ ಹಾರಿಬಿಡುವುದರಿಂದ ಅದನ್ನು ಬಿಟ್ಟು ಮರದ ತುಂಡುಗಳನ್ನು ತಟ್ಟಿದರು. ಮೇಳದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ತರುಣರು ಎರಡನೆಯ ಕಾರ್ನೆಟ್ ನುಡಿಸುತ್ತಿದ್ದರು. ಅವರ ನಾದವು ಗುರುವಿನ ನಾದವನ್ನು ಮುಚ್ಚಿಬಿಡುತ್ತಿದ್ದುದರಿಂದ ಅವರನ್ನು ಹಲವು ಅಡಿಗಳಷ್ಟು ಹಿಂದೆ ನಿಲ್ಲಿಸಿದರೆಂದು ಪಿಯಾನೊದಲ್ಲಿದ್ದ ಲಿಲ್ ಹಾರ್ಡಿನ್ ಮುಂದೆ ನೆನೆದು ಹೇಳಿರುವರು. ಮರುವರ್ಷ ಇವರಿಬ್ಬರಿಗೂ ಮದುವೆಯಾಯಿತು. ನೀವು ಹಿಂದೆ ನಿಲ್ಲುವವರಲ್ಲವೆಂದು ಗಂಡನಿಗೆ ಹೇಳಿ, ಆಲಿವರ್ ಅವರ ಮೇಳವನ್ನು ಬಿಡಿಸಿದವರೂ ಈ ಲಿಲ್ ಅವರೇ.

ಇಲ್ಲಿ ತಟ್ಟೆಯು ಏತರಿಂದ ಆಗಿದೆಯೆಂಬುದನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ದೇಶದ ಪಾಲುಂಟು. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಹುಳುಗಳು ಸುರಿಸುವ ಅರಗನ್ನು ಛೋಟಾನಾಗಪುರದ ಕಾಡುಜನರು ಕೆರೆದು ತರುತ್ತಿದ್ದರು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಅದನ್ನು ಶುದ್ಧಿಮಾಡಿ, ಕಲ್ಲಿನ ಪುಡಿ, ದೀಪದ ಮಸಿ ಇವುಗಳೊಡನೆ ಕಾಯಿಸಿ ಒತ್ತಿದರೆ ಹತ್ತು ಅಂಗುಲದ ಕರಿಯ ತಟ್ಟೆಯಾಗುವುದು. ಅದು ನಿಮಿಷಕ್ಕೆ ಸುಮಾರು ೭೮ ಸುತ್ತು ತಿರುಗಿ ಒಂದು ಮುಖದಲ್ಲಿ ಮೂರು ನಿಮಿಷದ ಸಂಗೀತವನ್ನು ಹಿಡಿಯುತ್ತದೆ. ನ್ಯೂ ಆರ್ಲಿಯನ್ಸಿನ ಕಾರ್ನೆಟ್ಟಿನ ನಾದವು ಹೀಗೆ ನಮ್ಮ ಮುತ್ತುಗದ ಮರದ ಅರಗಿನಲ್ಲಿ ಕುಳಿತಿತು.

ತಟ್ಟೆಗಳ ಚರಿತ್ರೆಯಲ್ಲಿ ಹೆಂಗಸರ ಸ್ಥಾನವು ದೊಡ್ಡದು. ೧೯೨೦ನೆಯ ಆಗಸ್ಟಿನಲ್ಲಿ ಮೇಮಿ ಸ್ಮಿತ್ ಎಂಬವರು ಓಕೆ ಕಂಪೆನಿಗಾಗಿ ಹಾಡಿದ ಕ್ರೇಜಿ ಬ್ಲೂಸ್ ಎಂಬ ತಟ್ಟೆಯು ಅನಿರೀಕ್ಷಿತವಾಗಿ ಮಾರಾಟವಾಯಿತು. ಕಪ್ಪುಜನರೂ ಹಣ ಕೊಟ್ಟು ತಟ್ಟೆ ಕೊಳ್ಳುವರೆಂಬುದು ವರ್ತಕರಿಗೆ ಆಗ ತಿಳಿಯಿತು. ಒಡನೆಯೇ ಅವರಿಗೆಂದು ಬೇರೆ ಪಟ್ಟಿ, ಬೇರೆ ಸಂಖ್ಯೆಗಳು ಏರ್ಪಟ್ಟವು. ಬಾಳಿನಲ್ಲಿ ಇದ್ದ ಬೇಲಿಯನ್ನು ಅಂಗಡಿಯಲ್ಲಿಯೂ ಹಾಕಿದರು. ೧೯೨೩ರಿಂದ ಕೊಲಂಬಿಯಾ ಕಂಪೆನಿಗೆ ಹಾಡತೊಡಗಿದ ಬೆಸ್ಸಿ ಸ್ಮಿತ್ ಅವರಿಗೆ ಹಾಡಿಗೆ ಇಷ್ಟೆಂದು ಹಣ ಸಿಕ್ಕಿತೇ ಹೊರತು ಮಾರಾಟದಲ್ಲಿ ಪಾಲು ಸಿಕ್ಕಲಿಲ್ಲ. ೧೯೩೭ರಲ್ಲಿ ಅವರು ಮೋಟಾರು ಅಪಘಾತದಿಂದ ತೀರಿಕೊಂಡರು. ೧೯೭೦ರ ವರೆಗೆ ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಆ ೩೩ ವರ್ಷಗಳಲ್ಲಿ ಅವರ ಹೆಸರನ್ನು ಉಳಿಸಿದ್ದು ತಟ್ಟೆಗಳು. ೧೯೨೫ನೆಯ ಜನವರಿಯಲ್ಲಿ ಅವರು ಹಾಡಿದ ಸೇಂಟ್ ಲೂಯಿಸ್ ಬ್ಲೂಸ್ ಎಂಬುದನ್ನು ನಮ್ಮ ಸೋದರಿಯರು ಅಗತ್ಯವಾಗಿ ಕೇಳಬೇಕು. ಅವರಿಗೆ ಮಾರ್ನುಡಿ ಕೊಡುವ ಕಾರ್ನೆಟ್ ಆರ್ಮ್‌ಸ್ಟ್ರಾಂಗ್ ಅವರದು. ಜತೆಗೆ ಶ್ರುತಿ ಹಿಡಿದಿರುವುದು ನಮಗೆಲ್ಲರಿಗೂ ಬಳಕೆಯ ಹಾರ್ಮೋನಿಯಂ.

ಪ್ಯಾರಮೌಂಟ್ ಎಂಬ ಇನ್ನೊಂದು ಕಂಪೆನಿಯು ವಿಸ್ಕಾನ್ಸಿನ್ನಿನ ಕುರ್ಚಿ ಕಾರಖಾನೆಯೊಂದರ ಮಗು. ಅಲ್ಲಿ ಲವಿ ಆಸ್ಟಿನ್ ಎಂಬವರು ಪಿಯಾನೊ ನುಡಿಸಿ ಮೇಳವನ್ನೂ ನಡೆಸುತ್ತಿದ್ದರು. ಅವರು ನಾಟಕಶಾಲೆಯಲ್ಲಿ ಎಡಗೈಯಿಂದ ವಾದ್ಯ ನುಡಿಸುತ್ತ ಬಲಗೈಯಿಂದ ಮುಂದಿನ ಅಂಕದ ಸ್ವರಗಳನ್ನು ಬರೆಯುತ್ತಿದ್ದುದನ್ನು ಮೇರಿ ಲೂ ವಿಲಿಯಮ್ಸ್ ಎಂಬ ಹುಡುಗಿಯು ಬೆರಗಾಗಿ ನೋಡಿದಳು. ಆ ಹುಡುಗಿಯು ಬೆಳೆದು ಆಂಡಿ ಕರ್ಕ್ ಅವರ ಮೇಳಕ್ಕೆ ಪಿಯಾನೊ ವಾದಕಿಯೂ ಸಂಗೀತ ಹೊಂದಿಸುವವಳೂ ಆದಳು. ಪ್ಯಾರಮೌಂಟ್ ಕಂಪೆನಿಯು ೧೯೩೦ರ ದಶಕದಲ್ಲಿ ಮುಚ್ಚಿಹೋಯಿತು. ತಟ್ಟೆ ಒತ್ತುವ ಅದರ ಲೋಹದ ಮೂಲ ಅಚ್ಚುಗಳು ಬಹುಮಟ್ಟಿಗೆ ಹಾಳಾದವು. ಈಗ ಆ ಹಾಡುಗಳೆಂದು ಎಲ್ಲಿ ಏನು ಕೇಳಿಬಂದರೂ ಅದು ಹೆಚ್ಚಾಗಿ ಯಾರದೋ ಮನೆಯ ಮೂಲೆಯಲ್ಲಿ ಉಳಿದ ಸವೆದ ತಟ್ಟೆಯಿಂದ ತೆಗೆದದ್ದು. ಸಂಗ್ರಹವೆಂಬುದು ಹುಚ್ಚೆಂದು ನಗುವವರು ಇದನ್ನು ಯೋಚಿಸಬೇಕು.

೧೯೨೫ರಲ್ಲಿ ವಿದ್ಯುತ್ತಿನ ಮುದ್ರಣ ಬಂದ ಮೇಲೆ ತಟ್ಟೆಯ ಕಿವಿ ತೆರೆಯಿತು. ಆರ್ಮ್‌ಸ್ಟ್ರಾಂಗ್ ಅವರು ೧೯೨೮ನೆಯ ಜೂನ್ ೨೮ರಂದು ಮುದ್ರಿಸಿದ ವೆಸ್ಟ್ ಎಂಡ್ ಬ್ಲೂಸ್ ಎಂಬ ಒಂದು ತಟ್ಟೆಯನ್ನು ಹಿಡಿದುಕೊಂಡೇ ಕೇಳುವ ಕ್ರಮವನ್ನು ವಿವರಿಸಬಹುದು. ಮೊದಲಿಗೆ ಯಾವ ಪಕ್ಕವಾದ್ಯವೂ ಇಲ್ಲದೆ ಕಹಳೆಯೊಂದೇ ಮೆಟ್ಟಿಲು ಹತ್ತಿ ಇಳಿಯುತ್ತದೆ. ಇದು ರಾಗದ ಆಲಾಪನೆಯಂತೆ ತಾಳಕ್ಕೆ ಸೇರದ ಭಾಗ. ಆಮೇಲೆ ಬ್ಲೂಸಿನ ಆವರ್ತವು ತೊಡಗುತ್ತದೆ. ನಾಲ್ಕು ನಾಲ್ಕು ಎಣಿಕೆಯ ೧೨ ಅಳತೆಗಳು ಸೇರಿ ಒಂದು ಆವರ್ತ; ಬೆರಳಿನಿಂದ ಎಣಿಸಿದರೆ ತಿಳಿಯುವುದು. ಮೊದಲ ಆವರ್ತದಲ್ಲಿ ಇಡೀ ಮೇಳ, ಎರಡನೆಯದರಲ್ಲಿ ಟ್ರಾಂಬೋನ್, ಮೂರನೆಯದರಲ್ಲಿ ಕ್ಲಾರಿನೆಟ್ಟಿಗೆ ಆರ್ಮ್‌ಸ್ಟ್ರಾಂಗ್ ಅವರು ಮಾತಿಲ್ಲದ ಬರಿಯ ಅಕ್ಷರಗಳಿಂದ ಉತ್ತರ ಕೊಡುವರು, ನಾಲ್ಕನೆಯದು ಅರ್ಲ್ ಹೈನ್ಸ್ ಅವರ ಪಿಯಾನೊ. ಕೊನೆಯ ಆವರ್ತದಲ್ಲಿ ಕಹಳೆಯು ಒಂದೇ ಮೇಲಿನ ಸ್ವರವನ್ನು ಹಿಡಿದು ಸುಮಾರು ನಾಲ್ಕು ಅಳತೆಗಳಷ್ಟು ಹೊತ್ತು ಬಿಡದೆ ನಿಲ್ಲುತ್ತದೆ. ಕೇಳುವವರು ತಾವೂ ಉಸಿರು ಬಿಗಿಹಿಡಿಯದಿರಲಾರರು. ಒಂದೇ ತಟ್ಟೆಯನ್ನು ಮೂರು ಸಲ ಕೇಳುವುದು ಮೂರು ತಟ್ಟೆಗಳನ್ನು ಒಂದೊಂದು ಸಲ ಕೇಳುವುದಕ್ಕಿಂತ ಲೇಸು. ಎರಡನೆಯ ಸಲ ಪಿಯಾನೊವನ್ನು ಮಾತ್ರ, ಮೂರನೆಯ ಸಲ ತಾಳವನ್ನು ಮಾತ್ರ ಹಿಂಬಾಲಿಸಬೇಕು.

೧೯೩೫ರಿಂದ ಮುಂದಿನ ಹತ್ತು ವರ್ಷಗಳು ಸ್ವಿಂಗ್ ಎಂಬ ದೊಡ್ಡ ಮೇಳಗಳ ಕಾಲ. ಬೆನ್ನಿ ಗುಡ್‌ಮನ್, ಕೌಂಟ್ ಬೇಸಿ ಮೊದಲಾದವರ ತಟ್ಟೆಗಳು ಲಕ್ಷಗಟ್ಟಲೆ ಒತ್ತಲ್ಪಟ್ಟುದರಿಂದ ಈಗಲೂ ಸುಲಭ ಬೆಲೆಗೆ ಸಿಕ್ಕುತ್ತವೆ. ಹೊಸಬರು ಇವುಗಳಿಂದಲೇ ತೊಡಗಬಹುದು. ಡ್ಯೂಕ್ ಎಲಿಂಗ್ಟನ್ ಅವರ ೧೯೪೦ರ ತಟ್ಟೆಗಳನ್ನು ಮಾತ್ರ ಕುಣಿತದ ಸಂಗೀತವೆಂದು ಕರೆಯಲು ನಮಗೆ ಮನಸ್ಸಿಲ್ಲ. ಈ ಕಾಲದಲ್ಲಿಯೇ ಮಿಸಿಸಿಪಿಯ ಪೈನಿ ವುಡ್ಸ್ ಎಂಬ ಬಡಮಕ್ಕಳ ಶಾಲೆಯವರು ಶಾಲೆಗೆ ಹಣ ಕೂಡಿಸುವುದಕ್ಕಾಗಿ ಹುಡುಗಿಯರ ಒಂದು ಮೇಳವನ್ನು ಕಟ್ಟಿದರು. ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್ ಎಂದು ಹೆಸರಾದ ಈ ಮೇಳವು ಮುಂದೆ ಶಾಲೆಯಿಂದ ಬೇರೆಯಾಗಿ ದೇಶವನ್ನೆಲ್ಲ ಸುತ್ತಿತು. ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ಕೂಡದೆಂಬ ಕಟ್ಟಳೆ ದಕ್ಷಿಣದಲ್ಲಿದ್ದುದರಿಂದ ಮೇಳದ ಬಿಳಿಯ ಹುಡುಗಿಯರು ಮುಖಕ್ಕೆ ಬಣ್ಣ ಬಳಿದುಕೊಂಡು ನುಡಿಸಬೇಕಾಯಿತು. ಇವರ ತಟ್ಟೆಗಳು ಬಹಳ ಕಡಮೆ, ಸಿಕ್ಕಿದರೆ ಬಿಡಬಾರದು.

೧೯೩೯ರಲ್ಲಿ ಬಿಲ್ಲಿ ಹಾಲಿಡೇ ಹಾಡಿದ ಸ್ಟ್ರೇಂಜ್ ಫ್ರೂಟ್ ಎಂಬುದು ಇವೆಲ್ಲಕ್ಕಿಂತ ಬೇರೆಯದು. ಅದನ್ನು ಬರೆದವರು ನ್ಯೂಯಾರ್ಕಿನ ಏಬಲ್ ಮೀರೊಪೊಲ್ ಎಂಬ ಹೈಸ್ಕೂಲು ಉಪಾಧ್ಯಾಯರು. ದಕ್ಷಿಣದಲ್ಲಿ ವಿಚಾರಣೆಯಿಲ್ಲದೆ ಕಪ್ಪುಜನರನ್ನು ಮರಗಳಿಗೆ ನೇತುಹಾಕಿ ಕೊಲ್ಲುತ್ತಿದ್ದುದೇ ಅದರ ವಸ್ತು. ಆಕೆಯ ಕಂಪೆನಿಯಾದ ಕೊಲಂಬಿಯಾ ಅದನ್ನು ಮುದ್ರಿಸಲು ಒಪ್ಪಲಿಲ್ಲ. ಮಿಲ್ಟ್ ಗೇಬ್ಲರ್ ಎಂಬವರು ತಟ್ಟೆ ಮಾರುವ ಒಂದು ಸಣ್ಣ ಅಂಗಡಿಯನ್ನಿಟ್ಟು ಕಮೊಡೋರ್ ಎಂಬ ಹೆಸರಿನಲ್ಲಿ ತಾವೇ ಕೆಲವು ತಟ್ಟೆಗಳನ್ನು ಹೊರಡಿಸುತ್ತಿದ್ದರು. ಅವರು ಇದನ್ನು ಮುದ್ರಿಸಿದರು. ಇದನ್ನು ಸಂತೋಷಕ್ಕಾಗಿ ಕೇಳಲಾಗದು. ಆದರೂ ಇದಿಲ್ಲದ ಸಂಗ್ರಹವು ಸಂಗ್ರಹವಲ್ಲವೆಂದು ನಾವು ಎಣಿಸುತ್ತೇವೆ.

ಯುದ್ಧಕಾಲದಲ್ಲಿ ತಟ್ಟೆಗಳಿಗೆ ಎರಡು ಪೆಟ್ಟುಗಳು ಬಿದ್ದವು. ಪೂರ್ವದೇಶಗಳಿಂದ ಹಡಗುಗಳು ಬರುವುದು ಕಷ್ಟವಾದುದರಿಂದ ೧೯೪೨ರಲ್ಲಿ ಅಮೆರಿಕದ ಸರ್ಕಾರವು ಅರಗಿನ ಬಳಕೆಯನ್ನು ಬಹಳ ಮಟ್ಟಿಗೆ ತಡೆಯಿತು. ಜನರು ಹಳೆಯ ತಟ್ಟೆಗಳನ್ನು ತಂದೊಪ್ಪಿಸಿದರು. ಅವುಗಳನ್ನು ಪುಡಿಮಾಡಿ ಹೊಸತಟ್ಟೆಗಳಿಗೆ ಬೆರೆಸಿದರು. ಅದೇ ವರ್ಷದ ಆಗಸ್ಟ್ ೧ರಿಂದ ವಾದಕರ ಸಂಘವು ಸಂಭಾವನೆಯ ಪಾಲಿಗಾಗಿ ಮುಷ್ಕರ ಹೂಡಿತು. ದೊಡ್ಡ ಕಂಪೆನಿಗಳು ೧೯೪೪ರ ನವೆಂಬರಿನ ವರೆಗೆ ಮಣಿಯಲಿಲ್ಲ. ಬೀಬಾಪ್ ಎಂಬ ಚುರುಕಾದ, ಕಠಿನವಾದ ಶೈಲಿಯು ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಬೆಳೆದದ್ದು ಈ ಮೌನದ ಕಾಲದಲ್ಲಿಯೇ. ೧೯೪೫ರ ನವೆಂಬರಿನಲ್ಲಿ ಚಾರ್ಲಿ ಪಾರ್ಕರ್ ಅವರ ಕೊ-ಕೊ ಎಂಬ ತಟ್ಟೆ ಮುದ್ರಣವಾದಾಗ ಆ ಶಿಶುವು ಆಗಲೇ ಓಡತೊಡಗಿತ್ತು. ತೊಟ್ಟಿಲಿನ ದಿನಗಳು ಬಹುಮಟ್ಟಿಗೆ ಕಳೆದುಹೋದವು. ೧೯೪೮ರಲ್ಲಿ ನಿಮಿಷಕ್ಕೆ ೩೩ ಸುತ್ತಿನ ಉದ್ದನೆಯ ತಟ್ಟೆಗಳು ಬಂದು ಮೂರು ನಿಮಿಷದ ಕಟ್ಟು ಹರಿಯಿತು. ಅವು ಅರಗಿನವಲ್ಲ, ಅವುಗಳ ಕಥೆಯೂ ಬೇರೆ.

ನಮ್ಮ ದೇಶದಲ್ಲಿ ಹುಡುಕುವವರು ಅಮೆರಿಕದ ತಟ್ಟೆಗಳನ್ನೇ ಬಯಸಬೇಕಾಗಿಲ್ಲ. ೧೯೩೫ರಲ್ಲಿ ಲಿಯಾನ್ ಆಬ್ಬಿ ಅವರ ಮೇಳವು ಮುಂಬಯಿಯ ತಾಜ್ ಮಹಲ್ ಹೋಟೆಲಿಗೆ ಬಂದಿತು. ಷಿಕಾಗೋದಲ್ಲಿ ೧೯೨೬ರಲ್ಲಿ ಆರ್ಮ್‌ಸ್ಟ್ರಾಂಗ್ ಅವರೊಡನೆ ಅರ್ಸ್ಕಿನ್ ಟೇಟ್ ಅವರ ಮೇಳದ ತಟ್ಟೆಯೊಂದರಲ್ಲಿ ಪಿಯಾನೊ ನುಡಿಸಿದ ಟೆಡ್ಡಿ ವೆದರ್‌ಫರ್ಡ್ ಅವರು ಏಷ್ಯಕ್ಕೆ ಬಂದು, ಕೊನೆಗೆ ಕಲ್ಕತ್ತೆಯ ಗ್ರಾಂಡ್ ಹೋಟೆಲಿನಲ್ಲಿ ನೆಲೆಸಿ, ಅಲ್ಲಿಯೇ ಹಲವು ತಟ್ಟೆಗಳನ್ನು ಮಾಡಿದರು. ೧೯೪೫ನೆಯ ಏಪ್ರಿಲಿನಲ್ಲಿ ಅವರು ಕಾಲರಾದಿಂದ ಅಲ್ಲಿಯೇ ತೀರಿಕೊಂಡರು. ಇಂಥವರ ಜತೆಯಲ್ಲಿ ನುಡಿಸಿ ಕಲಿತ ಗೋವೆಯ ವಾದಕರು ಮುಂದೆ ಹಿಂದಿ ಚಲಚ್ಚಿತ್ರಗಳ ಮೇಳಗಳಿಗೆ ಆಧಾರವಾದರು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಭಾರತದಲ್ಲಿಯೇ ಒತ್ತಿದ ಇಂಥ ತಟ್ಟೆಗಳು ಸಿಕ್ಕಬಹುದು.

ಕೊಳ್ಳುವಾಗ ಹೆಸರಿಗಿಂತ ಮೈಯನ್ನು ನೋಡಬೇಕು. ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳಪುಳ್ಳದ್ದು ಒಳ್ಳೆಯದು. ಬೂದುಬಣ್ಣಕ್ಕೆ ತಿರುಗಿದ್ದು ಸವೆದದ್ದು. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಟಕ್ಕೆಂದು ಸುತ್ತುಸುತ್ತಿಗೆ ಕೇಳುವುದು. ನಡುವಣ ಕಾಗದದ ಸುತ್ತಲೂ ಗೆರೆಯಿಲ್ಲದ ಜಾಗದಲ್ಲಿ ಒತ್ತಿರುವ ಸಣ್ಣ ಅಂಕೆಯು ಮೂಲ ಮುದ್ರಣದ ಗುರುತು. ಒಂದೇ ಹಾಡನ್ನು ಒಂದೇ ದಿನ ಎರಡು ಸಲ ನುಡಿಸಿ ಎರಡನ್ನೂ ಹೊರಡಿಸಿದ್ದುಂಟು. ಮನೋಧರ್ಮದ ಸಂಗೀತವಾದುದರಿಂದ ಎರಡೂ ಬೇರೆ ಬೇರೆ. ಅಂಕೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಒಳ್ಳೆಯದು. ಹಣವಿಲ್ಲದವರು ಬೇಸರಪಡಬೇಕಾಗಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ೧೯೧೧, ೧೯೧೭ ಮುಂತಾದ ವರ್ಷಗಳ ಸಾವಿರಾರು ವಿಕ್ಟರ್ ತಟ್ಟೆಗಳನ್ನು ೨೦೧೧ರಿಂದ ಅಂತರಜಾಲದಲ್ಲಿ ಎಲ್ಲರಿಗೂ ಕೇಳಲು ತೆರೆದಿಟ್ಟಿದ್ದಾರೆ.

ಅರಗಿನ ತಟ್ಟೆಯನ್ನು ಸ್ಪಿರಿಟಿನಿಂದ ಎಂದಿಗೂ ಒರಸಬಾರದು. ಅರಗು ಅದರಲ್ಲಿ ಕರಗಿ ಹಾಡೇ ಹೋಗುವುದು. ತಣ್ಣೀರಿಗೆ ಒಂದೆರಡು ಹನಿ ಸೌಮ್ಯವಾದ ಸಾಬೂನು ಬೆರೆಸಿ, ನಡುವಣ ಕಾಗದ ನೆನೆಯದಂತೆ, ಗೆರೆ ಹೋದ ದಿಕ್ಕಿನಲ್ಲಿಯೇ ಮೆತ್ತನೆಯ ಬಟ್ಟೆಯಿಂದ ಒರಸಿ ಆರಿಸಬೇಕು. ಒಂದರ ಮೇಲೊಂದು ಪೇರಿಸದೆ, ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಬೇಕು; ಓರೆಯಾಗಿ ಒರಗಿಸಿದರೆ ಬಾಗುವುದು. ಈಗಿನ ಯಂತ್ರದಲ್ಲಿ ಕೇಳುವವರು ಉದ್ದನೆಯ ತಟ್ಟೆಯ ಮುಳ್ಳನ್ನು ಇದಕ್ಕೆ ಬಳಸಬಾರದು. ಹಳೆಯ ಗೆರೆಗೆ ಅಂಗುಲದ ಸಾವಿರದಲ್ಲಿ ಮೂರರಷ್ಟು ತುದಿಯ ಮುಳ್ಳು ಬೇಕು. ಅದಕ್ಕಿಂತ ಸಣ್ಣದು ಗೆರೆಯ ತಳಕ್ಕಿಳಿದು ಅಲ್ಲಿಯ ಧೂಳನ್ನೇ ಹಾಡಿಸುವುದು. ಕೀಲಿ ಕೊಡುವ ಹಳೆಯ ಯಂತ್ರವಾದರೆ, ತಟ್ಟೆಯಲ್ಲಿರುವ ಕಲ್ಲಿನ ಪುಡಿಯು ಉಕ್ಕಿನ ಮುಳ್ಳನ್ನು ಒಂದೇ ಸಲಕ್ಕೆ ತೇಯ್ದುಬಿಡುವುದರಿಂದ, ಒಂದು ಮುಖ ಮುಗಿದೊಡನೆ ಮುಳ್ಳನ್ನು ತೆಗೆದೆಸೆದು ಇನ್ನೊಂದು ಮುಖಕ್ಕೆ ಹೊಸದನ್ನು ಹಾಕಬೇಕು.