ಮಗ್ಗಕ್ಕೆ ಮೋಟಾರು ಹಚ್ಚೋದಾ, ಹೊಸ ಪವರ್‌ಲೂಮ್ ತರೋದಾ?

ಚಿನ್ನಾಳಪಟ್ಟಿ (ದಿಂಡಿಗಲ್ ಜಿಲ್ಲೆ): ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಒಂದು ಹಳೆ ತಲೆನೋವು ಇದೆ. ಇದ್ದ ಗಾಡಿಗೇ ದೊಡ್ಡ ಇಂಜಿನ್ ಕೂಡಿಸೋದಾ, ಇಲ್ಲಾ ಅದನ್ನು ಮಾರಿ ಇನ್ನೂ ಜೋರಾಗಿ ಓಡೋದನ್ನು ತರೋದಾ? ಇಂಜಿನ್ ಬದಲಿಸಿದರೂ ಬ್ರೇಕು, ಗೇರು ಹಳೇವೇ. ಹೊಸದು ತಂದರೆ ಸಾಲ. ದಿಂಡಿಗಲ್-ಮದುರೆ ರಸ್ತೆಯ ಪಕ್ಕದ ಈ ಊರಿನ ನೇಕಾರರಿಗೂ ಅದೇ ಲೆಕ್ಕ ಎದುರಾಗುತ್ತದೆ. ಕಾರಿನ ಜಾಗದಲ್ಲಿ ಮಗ್ಗ ಇದೆ, ಅಷ್ಟೇ.

ಗಾಂಧಿಗ್ರಾಮಕ್ಕೆ ಹತ್ತಿಕೊಂಡಂತಿರುವ ಚಿನ್ನಾಳಪಟ್ಟಿ ಸುಂಗುಡಿ ಸೀರೆಗೆ, ಆರ್ಟ್ ಸಿಲ್ಕ್ ಸೀರೆಗೆ ಹೆಸರಾದ ಊರು. ‘ಚಿನ್ನಾಳಪಟ್ಟು’ ಎಂದರೆ ತಮಿಳುನಾಡಿನ ಹಳೆ ತಲೆಮಾರಿನ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ನೇಯುವವರಲ್ಲಿ ದೇವಾಂಗ ಸಮಾಜದವರು ಬಹಳ. ಕುಲದೇವತೆ ಚೌಡೇಶ್ವರಿ, ಮನೆಮಾತು ಕನ್ನಡ, ಓದು ಬರಹ ತಮಿಳು. ರಬಕವಿ-ಬನಹಟ್ಟಿಯವರು ಬಂದು ಕೂತರೆ ಅರ್ಧ ಮಾತು ತಮಿಳು ಅನ್ನಿಸಬಹುದು, ಆದರೆ ಮಗ್ಗದ ಸಪ್ಪಳ ಮಾತ್ರ ಗುರುತು ಹತ್ತುತ್ತದೆ.

ಕಾಲಿನ ಲೆಕ್ಕ

ಜಕಾರ್ಡ್ ಮಗ್ಗದಲ್ಲಿ ನೇಕಾರ ದುಡಿಯುವುದು ಕೈಯಿಂದ ಮಾತ್ರವಲ್ಲ. ಪ್ರತಿ ಹೊಕ್ಕಿಗೂ ಕೆಳಗಿನ ಹಲಗೆ ತುಳಿದು, ಮೇಲಿನ ಜಕಾರ್ಡ್ ಪೆಟ್ಟಿಗೆಯ ಕೊಕ್ಕೆ, ಅದಕ್ಕೆ ಜೋತ ದಾರ, ದಾರದ ತುದಿಯ ಭಾರ ಎಲ್ಲ ಎತ್ತಬೇಕು. ಒಂದು ಸೀರೆ ಆರು ಮೀಟರು ಎಂದು ಹಿಡಿದರೆ 236 ಇಂಚು ಆಯಿತು. ಇಂಚಿಗೆ 60 ಹೊಕ್ಕು ಎಂದರೆ ಒಂದು ಸೀರೆಗೆ 14 ಸಾವಿರಕ್ಕೂ ಮಿಕ್ಕಿ ಹೊಕ್ಕು. ಅಷ್ಟೇ ಸಲ ತುಳಿತ. ಐವತ್ತು ದಾಟಿದವರ ಮಂಡಿ ಏನಾಗಬೇಕು?

ಮೋಟಾರು ಬರುವುದು ಈ ಜಾಗಕ್ಕೆ. ಜಕಾರ್ಡ್ ಎತ್ತುವ ಕೆಲಸವನ್ನಷ್ಟೇ ಸಣ್ಣ ಮೋಟಾರಿಗೆ ಕೊಟ್ಟು, ಲಾಳಿ ಓಡಿಸುವುದು, ಹಣಿಗೆ ಬಡಿಯುವುದು ಕೈಯಲ್ಲೇ ಇಟ್ಟುಕೊಳ್ಳುವುದು. ಇದರಿಂದ ವೇಗ ಬಹಳ ಏರುವುದಿಲ್ಲ, ಅದನ್ನು ಮೊದಲೇ ತಿಳಿದಿರಬೇಕು. ನಿಮಿಷಕ್ಕೆ 40 ಹೊಕ್ಕು ಹಾಕುವ ಕೈ 40ರ ಆಚೀಚೆಯೇ ಹಾಕುತ್ತದೆ. ಬರೀ ನೇಯ್ಗೆಗೇ ಆರು ತಾಸು ಬೇಕು, ನೂಲು ಕಡಿದರೆ ಕಟ್ಟುವ ಹೊತ್ತು ಬೇರೆ. ಲಾಭ ಏನೆಂದರೆ ಸಂಜೆ ನಾಲ್ಕಕ್ಕೆ ಕಾಲು ಸೋತು ಮಗ್ಗದಿಂದ ಏಳುವವರು ಆರರವರೆಗೆ ಕೂಡಬಹುದು. ಹೆಣ್ಣುಮಕ್ಕಳು, ವಯಸ್ಸಾದವರು ಜಕಾರ್ಡ್ ಮಗ್ಗ ಬಿಡಬೇಕಾಗುವುದಿಲ್ಲ.

ಇನ್ನು ಪವರ್‌ಲೂಮ್. ಸಾದಾ ಪವರ್‌ಲೂಮ್ ನಿಮಿಷಕ್ಕೆ 120 ಹೊಕ್ಕು ಹಾಕಿದರೂ ಅದೇ ಸೀರೆ ಎರಡು ತಾಸಿನ ಕೆಲಸ. ಲಾಳಿಯೇ ಇಲ್ಲದ ರೇಪಿಯರ್ 250ಕ್ಕೆ ಓಡಿದರೆ ಒಂದು ತಾಸೂ ಹಿಡಿಯುವುದಿಲ್ಲ. ಕಾಗದದ ಮೇಲೆ ಇದರ ಮುಂದೆ ಕೈಮಗ್ಗ ನಿಲ್ಲುವುದೇ ಇಲ್ಲ.

ಗೆರೆ ಎಳೆದಿರುವ ಕಾಯ್ದೆ

ಆದರೆ ಪವರ್‌ಲೂಮ್ ಮನೆಗೆ ಬಂದ ದಿನ ನೇಕಾರನ ಕೈಯಿಂದ ಕೆಲವು ಜಾರುತ್ತವೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಪ್ರಕಾರ ಪವರ್‌ಲೂಮ್ ಅಲ್ಲದ ಮಗ್ಗ ಯಾವುದೋ ಅದೇ ಕೈಮಗ್ಗ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗದವರೇ ನೇಯಬೇಕು. ಮೊದಲು 22 ಬಗೆ ಇದ್ದದ್ದು ಆಮೇಲೆ 11ಕ್ಕೆ ಇಳಿಯಿತು, ಅದರಲ್ಲಿ ಸೀರೆಯೂ ಉಂಟು. ಪವರ್‌ಲೂಮಿನವರು ಕೋರ್ಟಿಗೆ ಹೋದರೂ 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿ ಹಿಡಿಯಿತು. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೂಡ ಕೈಮಗ್ಗದ ಬಟ್ಟೆಗೇ ಸಿಗುತ್ತದೆ.

ಹಾಗಾದರೆ ಅರ್ಧ ಕೈ, ಅರ್ಧ ಮೋಟಾರು ಇರುವ ಮಗ್ಗ ಯಾವುದರಲ್ಲಿ ಬಂತು? 2013ರ ಹೊತ್ತಿಗೆ ಒಂದಾದರೂ ಕೆಲಸ ಕೈಯಲ್ಲಿ ನಡೆದರೆ ಅದನ್ನು ಕೈಮಗ್ಗವೆಂದೇ ಕರೆಯೋಣ ಎಂಬ ಪ್ರಸ್ತಾಪ ದಿಲ್ಲಿಯಲ್ಲಿ ಎದ್ದಿತ್ತು. ಬಾಗಿಲು ಅಷ್ಟು ಅಗಲ ತೆರೆದರೆ ಪವರ್‌ಲೂಮ್‌ಗಳೇ ಒಳಗೆ ಬರುತ್ತವೆ ಎಂದು ನೇಕಾರರ ಪರ ಇರುವವರು ವಿರೋಧಿಸಿದರು. ಕಾಯ್ದೆ ಬದಲಾಗಲಿಲ್ಲ. ಆ ಭಯ ಸುಳ್ಳೆನ್ನಲಾಗದು. ಆದರೆ ಕಾಲಿನ ಭಾರ ಇಳಿಸುವ ಮೋಟಾರಿಗೂ ಮಗ್ಗವನ್ನೇ ಓಡಿಸುವ ಮೋಟಾರಿಗೂ ಇರುವ ಫರಕು ಆ ಗದ್ದಲದಲ್ಲಿ ಮರೆತೇ ಹೋಯಿತು.

ಕರೆಂಟಿನ ಲೆಕ್ಕವೂ ನೋಡಬೇಕು. ತಮಿಳುನಾಡು ಸರಕಾರ 2023ರಲ್ಲಿ ಎರಡು ತಿಂಗಳಿಗೆ ಕೊಡುವ ಉಚಿತ ವಿದ್ಯುತ್ತನ್ನು ಕೈಮಗ್ಗದವರಿಗೆ 200ರಿಂದ 300 ಯೂನಿಟ್‌ಗೆ, ಪವರ್‌ಲೂಮಿನವರಿಗೆ 750ರಿಂದ 1,000 ಯೂನಿಟ್‌ಗೆ ಏರಿಸಿತು. ಅರ್ಧ ಎಚ್‌ಪಿ ಮೋಟಾರು ದಿನಕ್ಕೆ ಎಂಟು ತಾಸಿನಂತೆ 52 ದಿನ ಪೂರ್ತಿ ಓಡಿದರೂ 155 ಯೂನಿಟ್ ಆಸುಪಾಸು. ಅಂದರೆ 300ರೊಳಗೆ ಮುಗಿಯಿತು. ಒಂದು ಎಚ್‌ಪಿಯ ಪವರ್‌ಲೂಮ್ ದಿನಕ್ಕೆ 12 ತಾಸು ಓಡಿದರೆ 465 ಯೂನಿಟ್. ಎರಡು ಪವರ್‌ಲೂಮಿಗೆ ಉಚಿತ ಕರೆಂಟು ಸಾಲುತ್ತದೆ, ಮೂರನೆಯದಕ್ಕೆ ಬಿಲ್ಲು ಶುರು. ಎರಡೇ ಪವರ್‌ಲೂಮಿನಿಂದ ಸಾಲ ತೀರಿ ಸಂಸಾರ ನಡೆಯಬೇಕೆಂದರೆ ಕಷ್ಟ.

ಇಚಲಕರಂಜಿ ಹೇಳುವ ಮಾತು

ಗಡಿಯಾಚೆ ಇಚಲಕರಂಜಿಯ ನಮ್ಮ ಕನ್ನಡ ಮನೆಗಳಿಗೆ ಇದರ ಮುಂದಿನ ಕತೆ ಗೊತ್ತು. 1904ರಲ್ಲಿ ಅಲ್ಲಿ ಮೊದಲ ಪವರ್‌ಲೂಮ್ ಬಂತು, ಊರಿಗೆ ಊರೇ ಬೆಳೆಯಿತು. ಈಗ ಅದೇ ಸಾದಾ ಪವರ್‌ಲೂಮ್‌ಗಳು ರೇಪಿಯರ್, ಏರ್‌ಜೆಟ್ ಮುಂದೆ ಹಳೇವಾಗಿ ಭಂಗಾರಕ್ಕೆ ಬೀಳುತ್ತಿವೆ. ಹಳೆ ಪವರ್‌ಲೂಮಿಗೇ ಹೊಸ ಭಾಗ ಜೋಡಿಸಲು 2013ರಿಂದ ಕೇಂದ್ರದ ಯೋಜನೆಯೊಂದು ಸಹಾಯಧನ ಕೊಟ್ಟಿತು. ನೂಲು ಕಡಿದರೆ ತಾನೇ ನಿಲ್ಲುವ ವ್ಯವಸ್ಥೆ ಅಂಥವು. ಬಟ್ಟೆಯ ಗುಣ ಸುಧಾರಿಸಿತು, ಆದರೆ ಸಾದಾ ಪವರ್‌ಲೂಮ್ ಏರ್‌ಜೆಟ್ ಆಗಲಿಲ್ಲ. ಅಂದರೆ ವೇಗದ ದಾರಿ ಹಿಡಿದವರಿಗೆ ಇನ್ನೂ ವೇಗದ್ದು ಬಂದೇ ಬರುತ್ತದೆ. ಚಿನ್ನಾಳಪಟ್ಟಿಯ ನೇಕಾರ ಇವತ್ತು ಎರಡು ಪವರ್‌ಲೂಮ್ ತಂದರೆ ಅವನ ಪೈಪೋಟಿ ಪಕ್ಕದ ಮನೆಯವನ ಜೊತೆ ಇರುವುದಿಲ್ಲ, ಸೂರತ್ತಿನ ಜೊತೆ.

ಮಗ ಇದೇ ಕಸುಬಿಗೆ ಬರುತ್ತಾನೆ, ಜಾಗ ಇದೆ, ಕೊಳ್ಳುವ ಸಾವುಕಾರ ಗೊತ್ತಿದ್ದಾನೆ ಎಂಬಲ್ಲಿ ಪವರ್‌ಲೂಮ್ ತಪ್ಪಲ್ಲ. ಮಕ್ಕಳು ಕೊಯಮತ್ತೂರಿಗೋ ತಿರುಪ್ಪೂರಿಗೋ ಹೋಗಿ, ಗಂಡ ಹೆಂಡತಿ ಇಬ್ಬರೇ ಇದ್ದ ಮಗ್ಗದಲ್ಲಿ ಇನ್ನು ಹತ್ತು ವರ್ಷ ದುಡಿಯಬೇಕಾದ ಮನೆಗೆ ಮೋಟಾರೇ ಸರಿ. ಕೈಮಗ್ಗಕ್ಕೆ ಹೊಸ ಸಲಕರಣೆ ಕೊಳ್ಳಲು ವೆಚ್ಚದ ಶೇ 90ರಷ್ಟನ್ನು ಕೇಂದ್ರವೇ ಭರಿಸುವ ‘ಹಥ್‌ಕರಘಾ ಸಂವರ್ಧನ್ ಸಹಾಯತಾ’ ಯೋಜನೆಯೂ ಬಂದಿತ್ತು. ಮೋಟಾರು ಕೊಳ್ಳುವ ಮೊದಲು ಅಂಥ ನೆರವು ಸಿಗುತ್ತದೋ ಎಂದು ಸಹಕಾರಿ ಸಂಘದಲ್ಲಿ ಒಮ್ಮೆ ಕೇಳಬೇಕು. ಹಾಗೆಯೇ ಮಗ್ಗದ ಮರ ಗಟ್ಟಿ ಇದೆಯೋ ಬಡಿದು ನೋಡಬೇಕು. ಗೆದ್ದಲು ಹತ್ತಿದ ಚೌಕಟ್ಟಿಗೆ ಯಾವ ಮೋಟಾರು ಹಚ್ಚಿದರೂ ಅಲುಗಾಡುತ್ತದೆ, ಸೀರೆಯ ಬುಟ್ಟಾ ಸಾಲು ತಪ್ಪುತ್ತದೆ.