ಇಪ್ಪತ್ತೈದು ತುಂಬಲು ಕಾಯುವ ಕಾರುಗಳು

ಜಪಾನಿನಲ್ಲಿ 1989ರ ಆಗಸ್ಟ್‌ನಲ್ಲಿ ತಯಾರಾದ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರೊಂದು 2014ರ ಜುಲೈಯಲ್ಲಿ ಅಮೆರಿಕದ ಬಂದರಿಗೆ ಬಂದಿದ್ದರೆ ಅದು ನಿಷಿದ್ಧ ಸರಕು. ಎರಡು ತಿಂಗಳು ತಡವಾಗಿ ಬಂದಿದ್ದರೆ ಯಾವ ಅಡ್ಡಿಯೂ ಇಲ್ಲ. ಈ ಎರಡು ತಿಂಗಳಲ್ಲಿ ಕಾರಿನ ಬ್ರೇಕು ಸುಧಾರಿಸಿರುವುದಿಲ್ಲ, ಹೊಗೆಯೂ ಕಡಿಮೆಯಾಗಿರುವುದಿಲ್ಲ. ಅದಕ್ಕೆ ಇಪ್ಪತ್ತೈದು ವರ್ಷ ತುಂಬಿರುತ್ತದೆ, ಅಷ್ಟೆ.

ಈ ವಿಚಿತ್ರ ನಿಯಮದ ಮೂಲ 1966ರ ವಾಹನ ಸುರಕ್ಷತಾ ಕಾಯಿದೆಯಲ್ಲಿದೆ. 1968ರ ಜನವರಿಯಿಂದ ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಕಾರೂ ಆ ದೇಶದ ಸುರಕ್ಷತಾ ಮಾನದಂಡಗಳಿಗೆ ಹೊಂದಬೇಕಾಯಿತು. ಯುರೋಪಿನ ಮಾರುಕಟ್ಟೆಗೆಂದು ತಯಾರಾದ ಕಾರು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ತಯಾರಕರ ದೃಢೀಕರಣದ ಚೀಟಿ ಅದರ ಮೇಲಿರುತ್ತಿರಲಿಲ್ಲ. ಆದರೂ ಖಾಸಗಿಯಾಗಿ ತಂದು, ಬೇಕಾದ ಮಾರ್ಪಾಡು ಮಾಡಿಸಿ, ನೋಂದಣಿ ಪಡೆಯುವ ದಾರಿ ತೆರೆದಿತ್ತು. 1980ರ ದಶಕದ ಮೊದಲ ವರ್ಷಗಳಲ್ಲಿ ಡಾಲರಿನ ಬೆಲೆ ಏರಿದಾಗ ಈ ದಾರಿಯಲ್ಲಿ ನೂಕುನುಗ್ಗಲಾಯಿತು. ಮರ್ಸಿಡಿಸ್ 500 ಎಸ್‌ಇಎಲ್‌ನಂತಹ, ಆಗಿನ್ನೂ ಅಮೆರಿಕದ ಮಳಿಗೆಗಳಿಗೆ ಬಾರದಿದ್ದ ಕಾರನ್ನು ಜರ್ಮನಿಯಲ್ಲಿ ಕೊಂಡು ಹಡಗಿಗೆ ಹಾಕುವುದೇ ಲಾಭದಾಯಕವೆನಿಸಿತು. 1985ರಲ್ಲಿ ಹೀಗೆ ಬಂದ ವಾಹನಗಳು ಅರವತ್ತು ಸಾವಿರಕ್ಕೂ ಹೆಚ್ಚು.

ಬಂದ ಕಾರನ್ನು 'ಅಮೆರಿಕನ್' ಮಾಡುವ ಕೆಲಸ ಸಣ್ಣದಲ್ಲ. ಬಾಗಿಲುಗಳ ಒಳಮೈ ಬಿಚ್ಚಿ, ಪಕ್ಕದಿಂದ ಬೀಳುವ ಹೊಡೆತ ತಾಳಲು ಉಕ್ಕಿನ ಪಟ್ಟಿ ಬೆಸೆಯಬೇಕು. ಅಂದವಾದ ಗಾಜಿನ ಹೆಡ್‌ಲೈಟು ತೆಗೆದು, ಬಲ್ಬೂ ಗಾಜೂ ಒಂದೇ ಆಗಿರುವ ಸೀಲ್ಡ್ ಬೀಮ್ ದೀಪ ಕೂಡಿಸಬೇಕು. ಬಂಪರು ಬಲಪಡಿಸಬೇಕು, ಪಕ್ಕದಲ್ಲಿ ಗುರುತಿನ ದೀಪ ಹಚ್ಚಬೇಕು, ಸ್ಪೀಡೋಮೀಟರಿನಲ್ಲಿ ಮೈಲಿ ಕಾಣಿಸಬೇಕು. ಸೀಟ್‌ಬೆಲ್ಟ್ ಕಟ್ಟದಿದ್ದರೆ ಗುಂಯ್‌ಗುಟ್ಟುವ ಬಜರೂ ಬೇಕು! ಇದೆಲ್ಲ ಸುರಕ್ಷತೆಯ ಲೆಕ್ಕ. ಹೊಗೆಯ ಲೆಕ್ಕ ಬೇರೆಯೇ ಇಲಾಖೆಯದು: ಕೆಟಲಿಟಿಕ್ ಕನ್ವರ್ಟರ್ ಅಳವಡಿಸಿ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಶ್ರದ್ಧೆಯಿಂದ ದುಡಿದ ವರ್ಕ್‌ಶಾಪುಗಳಿದ್ದವು. ಕಾಗದದ ಮೇಲಷ್ಟೇ ಪಟ್ಟಿ ಬೆಸೆದವೂ ಇದ್ದವು.

ಈ ಅಡ್ಡವ್ಯಾಪಾರದಿಂದ ಕಂಗೆಟ್ಟವರು ಅಧಿಕೃತ ಮಾರಾಟಗಾರರು. ಮರ್ಸಿಡಿಸ್ ಕಂಪನಿಯೂ ಸೇರಿದಂತೆ ಅವರು ಹಾಕಿದ ಒತ್ತಡ 1988ರ ಹೊಸ ಕಾಯಿದೆಯಲ್ಲಿ ಫಲಿಸಿತು. ಜನರ ಸುರಕ್ಷತೆ ಅದರ ಹೆಸರು. ವ್ಯಾಪಾರದ ರಕ್ಷಣೆ ಅದರ ಹುರುಳು ಎಂದರೆ ತಪ್ಪಾಗಲಾರದು. ಇನ್ನು ಮೇಲೆ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಆಮದುದಾರನೇ ಕಾರನ್ನು ಮಾರ್ಪಡಿಸಬೇಕು. ಕಾರಿನ ಬೆಲೆಯ ಒಂದೂವರೆ ಪಟ್ಟು ಮೊತ್ತಕ್ಕೆ ಬಾಂಡ್ ಬರೆದುಕೊಡಬೇಕು. 120 ದಿನಗಳಲ್ಲಿ ಕೆಲಸ ಮುಗಿಯದಿದ್ದರೆ ಕಾರನ್ನು ಹಿಂದಕ್ಕೆ ಕಳಿಸಬೇಕು, ಇಲ್ಲವೇ ನಾಶಪಡಿಸಬೇಕು. ಅಮೆರಿಕದಲ್ಲಿ ಮಾರಾಟವೇ ಆಗದ ಮಾದರಿಯಾದರೆ ಅಪಘಾತ ಪರೀಕ್ಷೆಗೆಂದು ಕೆಲವು ಕಾರುಗಳನ್ನೇ ಗೋಡೆಗೆ ಗುದ್ದಿಸಬೇಕಾದೀತು. ಬಡಪಾಯಿಗೆ ಉಳಿದ ಹಾದಿ ಕಾಯುವುದು. ಸುರಕ್ಷತೆಯ ವಿನಾಯಿತಿಗೆ 25 ವರ್ಷ, ಮೂಲ ಎಂಜಿನ್ ಇದ್ದರೆ ಹೊಗೆಯ ವಿನಾಯಿತಿಗೆ 21 ವರ್ಷ. ಸುರಕ್ಷತೆಯ ಎಣಿಕೆ ತಯಾರಾದ ತಿಂಗಳಿನಿಂದ.

ಶ್ರೀಮಂತರಿಗೂ ಇದು ತಪ್ಪಲಿಲ್ಲ. ಬಿಲ್ ಗೇಟ್ಸ್ ತರಿಸಿದ ಪೋರ್ಶೆ 959 ಕಾರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಸ್ಟಮ್ಸ್ ವಶದಲ್ಲಿ ಧೂಳು ತಿಂದಿತು. ಕೊನೆಗೆ 1990ರ ದಶಕದ ಕೊನೆಯಲ್ಲಿ, ಚಾರಿತ್ರಿಕ ಅಥವಾ ತಾಂತ್ರಿಕ ಮಹತ್ವದ ಅಪರೂಪದ ಕಾರುಗಳಿಗೆ 'ಪ್ರದರ್ಶನ'ದ ವಿನಾಯಿತಿ ದೊರಕಿತು. ಅದಕ್ಕೂ ಷರತ್ತು: ವರ್ಷಕ್ಕೆ 2,500 ಮೈಲಿ, ಅಂದರೆ ಸುಮಾರು 4,000 ಕಿಲೋಮೀಟರ್ ಮೀರಬಾರದು.

ಕಾಯಲಾರದವರು ಕಾರಿನ ಪ್ರಾಯವನ್ನೇ ಬದಲಿಸುವುದುಂಟು. ಹಳೆಯ ಗಾಡಿಯ ಛಾಸಿ ನಂಬರನ್ನು ಎಳೆಯ ಗಾಡಿಗೆ ಅಂಟಿಸಿದರಾಯಿತು. ಅಂತಹ ಶಂಕೆಯ ಮೇಲೆ 2014ರಲ್ಲಿ ಸುಮಾರು ನಲವತ್ತು ಲ್ಯಾಂಡ್‌ರೋವರ್ ಡಿಫೆಂಡರ್‌ಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಹಲವು ಮರುವರ್ಷ ಮಾಲೀಕರಿಗೆ ಮರಳಿದವು.

ಬಂದರು ದಾಟಿದ ಮಾತ್ರಕ್ಕೆ ಚಿಂತೆ ತೀರಿತೆಂದಲ್ಲ. ನಂಬರು ಕೊಡುವವರು ಆಯಾ ರಾಜ್ಯದವರು. ಜಪಾನಿನ 'ಕೇ' ಎಂಬ ಪುಟ್ಟ ಟ್ರಕ್ಕುಗಳನ್ನು ರೈತರು, ಸಣ್ಣ ವ್ಯಾಪಾರಿಗಳು ಕಾನೂನುಬದ್ಧವಾಗಿಯೇ ತರಿಸಿಕೊಂಡಿದ್ದರು. ಅವು ರಸ್ತೆಗೆ ಸುರಕ್ಷಿತವಲ್ಲವೆಂದು 2021ರಿಂದೀಚೆಗೆ ರೋಡ್ ಐಲೆಂಡ್, ಜಾರ್ಜಿಯ ಮುಂತಾದ ರಾಜ್ಯಗಳು ನೋಂದಣಿಗೆ ತಡೆಯೊಡ್ಡಿದವು. ಸುಂಕ ಕಟ್ಟಿ ತಂದ ಗಾಡಿ ಅಂಗಳದಲ್ಲಿ ನಿಂತಿತು. ಮಾಲೀಕರು ಸುಮ್ಮನಿರಲಿಲ್ಲ; 2024ರಲ್ಲಿ ಟೆಕ್ಸಾಸ್ ಅನುಮತಿ ನೀಡಿತು, ಮ್ಯಾಸಚೂಸೆಟ್ಸ್ ನಿಷೇಧ ಹಿಂತೆಗೆದುಕೊಂಡಿತು.

ನಮ್ಮಲ್ಲಿ ಇಪ್ಪತ್ತೈದಲ್ಲ, ಐವತ್ತು. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ವಾಹನ 'ವಿಂಟೇಜ್' ಎನಿಸುತ್ತದೆ. ವಿದೇಶದಿಂದ ತಂದದ್ದಾದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ಲಗತ್ತಿಸಬೇಕು. ಶುಲ್ಕ 20,000 ರೂಪಾಯಿ. ಕರ್ನಾಟಕದ ಕಾರಾದರೆ ಫಲಕದ ಮೇಲೆ ಕೆಎ ಆದ ಬಳಿಕ ವಿಎ ಎಂಬ ಅಕ್ಷರಗಳು. ಆದರೆ ಅದರಲ್ಲಿ ದಿನನಿತ್ಯ ಓಡಾಡುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಮತ್ತೆ ಪೆಟ್ರೋಲು ಹಾಕಿಸಲು ಹೊರತೆಗೆಯಬಹುದು.